ಎಬೆರ್ ಬಳಿದ ಬೆಳ್ಳಿ

ಬಿಚ್ಚಬೇಡ, ಎಂದ ಮೆಕ್ಯಾನಿಕ್ ವಾಷಿಂಗ್ಟನ್.
ತೊಂಬತ್ತು ದಾಟಿದ ಬೋಲ್ಟು, ತಿರುಗಿಸಿದರೆ
ತಲೆ ಕೈಗೆ ಬರುತ್ತದೆ, ಮೈ ಒಳಗೇ ಉಳಿಯುತ್ತದೆ.
ಮರಳು ಹೊಡೆಸಲೂ ಬೇಡ,
ಒಂದು ಕಾಳು ಬೇರಿಂಗಿಗೆ ಇಳಿದರೆ
ಮುಗಿಯಿತು.
ಇದ್ದದ್ದು ಇದ್ದ ಹಾಗೇ ಕೈಯಲ್ಲೇ ಕೆರೆಯಬೇಕು.
ನಿನಗೆ ಹೇಳಿಕೊಡಬೇಕೆ, ದೊಕ್ತೋರಾ?

ಬೇಕಿಲ್ಲ. ನಲವತ್ತೊಂದು ವರ್ಷ ಈ ತಕ್ವಾರೆಂಬೋದಲ್ಲಿ
ಜನರ ಬಾಯೊಳಗೆ ದುಡಿದವಳು ನಾನು.
ಬಾಯಿ ತೆರೆದಿರಬೇಕು, ಏನೂ ನುಂಗಬಾರದು:
ಇಲ್ಲೂ ನಿಯಮ ಅದೇ.

ಹೊಗೆ ಹೋಗುವ ದಾರಿಗೆ ಬಟ್ಟೆ ತುರುಕಿದೆ,
ಎಣ್ಣೆ ಹೊಯ್ಯುವಲ್ಲಿಗೆ ಬೆಂಡು.
ಸಣ್ಣ ತೂತುಗಳಿಗೆಲ್ಲ ಗುಲಾಬಿ ಮೇಣ,
ಕಟ್ಟುಹಲ್ಲಿನ ಅಚ್ಚಿಗೆಂದು ತರಿಸಿದ್ದು,
ಕ್ಲಿನಿಕ್ ಮುಚ್ಚಿದ ದಿನ ಒಂದು ಡಬ್ಬಿ ಉಳಿದಿತ್ತು.
ಬಟ್ಟೆ ಒಟ್ಟು ಹದಿನಾಲ್ಕು ತುಂಡು.
ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟೆ,
ಹೊರಗೆ ಎಳೆಯುವಾಗಲೂ ಲೆಕ್ಕ ಕೂಡಬೇಕು.

ಕಚೀಲಾ ಎಂದರೆ ನಮ್ಮಲ್ಲಿ
ಹುಲ್ಲಲ್ಲಿ ಗೂಡು ಕಟ್ಟುವ ಪುಟ್ಟ ಹಕ್ಕಿ.
ಹಳೇ ಕಾರಿಗೂ ಅದೇ ಹೆಸರು, ಯಾಕೋ.
ನಮ್ಮದು ಇಪ್ಪತ್ತೊಂಬತ್ತರದು. ಅದರ ಎದೆಗೆ
ಒಲೆಯ ಕೊಳವೆಗೆ ಬಳಿಯುವಂಥ ಬೆಳ್ಳಿ ಬಣ್ಣ
ಎಂಬತ್ತಮೂರರಲ್ಲಿ ಬಳಿದವನು ಎಬೆರ್, ನನ್ನ ಗಂಡ,
ಒಂದೇ ಭಾನುವಾರದಲ್ಲಿ, ಪೈಪು ವೈರು ಎನ್ನದೆ.
ಶವಪೆಟ್ಟಿಗೆಯ ಹಿಡಿಯ ಹಾಗಿದೆ ಎಂದು
ನಾದಿನಿಯರ ಮುಂದೆ ಎಷ್ಟು ಸಲ ನಗಾಡಿದ್ದೇನೆ.
ಅವನೂ ನಗುತ್ತಿದ್ದ.

ರಸಾಯನದ ಲೋಳೆ ಹಚ್ಚಿ ಕಾದರೆ
ಬಣ್ಣ ಹಾಲಿನ ಕೆನೆಯಂತೆ ಸುಕ್ಕುಗಟ್ಟುತ್ತದೆ.
ಹಿತ್ತಾಳೆ ಬ್ರಷ್ಷು. ಆಮೇಲೆ ನನ್ನ ಹಳೇ ಕೊಕ್ಕೆಗಳು,
ದವಡೆಯ ಹಿಂಬದಿಗೆಂದು ಬಾಗಿಸಿದವು.
ಬೆಳ್ಳಿಯ ಕೆಳಗೆ ಟ್ರ್ಯಾಕ್ಟರಿನ ಕೆಂಪು,
ಕೆಂಪಿನ ಕೆಳಗೆ ಪಾಚಿಹಸಿರು, ಅದು ಹುಟ್ಟುಬಣ್ಣ,
ಹಸಿರಲ್ಲಿ ಸಿಕ್ಕಿಕೊಂಡ ಒಂದು ಕುಂಚದ ಕೂದಲು
ಯಾರದೋ ಕಾರ್ಖಾನೆಯ ಬೆಳಗಿನದು.

ಎಡಮಗ್ಗುಲಲ್ಲಿ, ನೀರು ಹರಿಯುವ ಗೋಡೆಯ ಮೇಲೆ,
ಬೆಳ್ಳಿ ಎದ್ದಿತು. ಕೆಂಪಿಲ್ಲ. ಹಸಿರಿಲ್ಲ.
ಬರೀ ಕಬ್ಬಿಣ.
ಇನ್ನೊಬ್ಬರು ತುಂಬಿದ ಹಲ್ಲು
ಕೊಕ್ಕೆಯ ತುದಿಗೇ ತಿಳಿದುಬಿಡುತ್ತದೆ.
ಅರ್ಧ ಗೇಣಿನ ಬಿರುಕು,
ಅದರುದ್ದಕ್ಕೂ ಒಂದನ್ನೊಂದು ಕಚ್ಚಿ ಹೂತ ಹಿತ್ತಾಳೆ ಮೊಳೆ.
ಇಪ್ಪತ್ತಮೂರು. ಉಗುರು ಆಡಿಸಿದೆ,
ಎಲ್ಲೂ ತೊಡರಲಿಲ್ಲ.

ಎಬೆರ್ ಬಂದ, ಕಂಕುಳಲ್ಲಿ ಥರ್ಮಾಸು,
ಮಾತೆ ಹೀರುತ್ತಾ, ಮಾತಿಲ್ಲದೆ ನೋಡಿದ.
ಬಣ್ಣದ ಮಾತು ಬಾರದ ಗಂಡಸು.
ಜುಲೈ, ಎಂದ.
ಸೌಸೆಯ ಎಸ್ತಾನ್ಸಿಯಾದಲ್ಲಿ ಆ ಹುಡುಗನ ದವಡೆ ನೋಡಿ
ನೀನು ಬರುವಾಗ ನಡುರಾತ್ರಿ.
ನೀರು ಬಸಿದೆಯಾ ಎಂದು ಕೇಳಿದೆ.
ಬಸಿದೆ, ಎಂದೆ ನೀನು.
ಬೆಳಿಗ್ಗೆ ಹುಲ್ಲೆಲ್ಲ ಬೆಳ್ಳಗಿತ್ತು.

ಅವನಿಗೆ ಮತ್ತೇನೂ ಹೇಳಲು ಇರಲಿಲ್ಲ.
ಸಾಲ್ತೋದ ಮುದುಕನೊಬ್ಬ ಹೊಲಿದನಂತೆ,
ದುಡ್ಡಿಗೆ ಎರಡು ಕುರಿ ಮಾರಿದನಂತೆ.
ಬೋರ್ಗೆಯ ಬಳಿ ಕೇಳು, ಬೇಕಾದರೆ,
ಅಲ್ಲ, ಬೋರ್ಗೆ ಸತ್ತ.

ಹುಡುಗ ನೆನಪಿದ್ದಾನೆ. ಕೀವು, ಜ್ವರ,
ಅವನ ತಾಯಿ ಲಾಟೀನು ಹಿಡಿದ ಕೈ ನಡುಗುತ್ತಿದ್ದದ್ದು,
ಕೊನೆಗೆ ಕಿತ್ತ ಹಲ್ಲಿನ ಮೂರು ಬೇರು.
ಆ ರಾತ್ರಿಯ ಕೊಳಾಯಿ ಮಾತ್ರ
ಎಷ್ಟು ಕೆರೆದರೂ ಸಿಗುತ್ತಿಲ್ಲ.

ಚೆನ್ನಾಗೇ ಕಾಣುತ್ತಿತ್ತಲ್ಲ, ಬೆಳ್ಳಿ, ಎಂದ ಎಬೆರ್,
ಬುರುಡೆಗೆ ಬಿಸಿನೀರು ಸುರಿದು ನನ್ನ ಕೈಗಿಟ್ಟ.
ಕುಡಿದೆ. ಕಹಿ, ಎಂದಿನಷ್ಟೇ.

ಅವನು ಒಳಗೆ ಹೋದ ಮೇಲೆ ಬಗ್ಗಿ
ಹದಿನಾರು ವರ್ಷದಿಂದ ನೀರು ಕಾಣದ ಇಂಜಿನ್ನಿನ
ಕೆಳಗಿನ ಕೊಳಾಯಿ ತಿರುಗಿಸಿದೆ, ಎರಡೂ ಕೈಯಲ್ಲಿ.
ಒಂದು ಚಿಟಿಕೆ ತುಕ್ಕು ಉದುರಿತು.
ಹಾಗೇ ತೆರೆದಿಟ್ಟು ದೀಪ ಆರಿಸಿದೆ.